ಕಲ್ಯಾಣದ ವಾಙ್ಮಯದಲ್ಲಿ ಸಹಕರ್ತೃತ್ವ ವಿಚಾರ

೧

ಗ್ರಂಥವೊಂದಕ್ಕೆ ಕರ್ತನು ಒಬ್ಬನೇ ಇರಬೇಕೆಂಬ ಭಾವನೆಯು ಸಾಹಿತ್ಯಚರಿತ್ರೆಯನ್ನು ಬರೆಯುವವರಲ್ಲಿ ಬಲವಾಗಿ ಬೇರೂರಿದೆ. ಕವಿಯ ಹೆಸರು, ಕಾಲ, ದೇಶ, ಮತ, ಆಶ್ರಯದಾತ, ಕೃತಿಗಳು ಎಂಬ ಕ್ರಮದಲ್ಲಿ ಕವಿಚರಿತ್ರೆಗಳು ನಡೆಯುವುದರಿಂದ, ಇಬ್ಬರು ಅಥವಾ ಹಲವರು ಕೂಡಿ ನಿರ್ಮಿಸಿದ ಕೃತಿಗೆ ಆ ಕ್ರಮದಲ್ಲಿ ಸರಿಯಾದ ಸ್ಥಾನವು ದೊರೆಯುವುದಿಲ್ಲ. ಆದರೆ ಅಂತಹ ಕೃತಿಗಳು ಭಾರತೀಯ ವಾಙ್ಮಯದಲ್ಲಿ ವಿರಳವಲ್ಲ. ಬಾಣಭಟ್ಟನು ಅಪೂರ್ಣವಾಗಿ ಬಿಟ್ಟ ಕಾದಂಬರಿಯನ್ನು ಅವನ ಮಗನು ಪೂರ್ತಿಗೊಳಿಸಿದನು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯನು ಜಯಧವಲಾ ಟೀಕೆಯನ್ನು ಇಪ್ಪತ್ತು ಸಾವಿರ ಗ್ರಂಥಗಳಷ್ಟು ಬರೆದು ಕಾಲವಾಗಲು, ಶಿಷ್ಯನಾದ ಜಿನಸೇನನು ಮತ್ತೆ ನಲವತ್ತು ಸಾವಿರ ಗ್ರಂಥಗಳನ್ನು ಸೇರಿಸಿ ಶಕ ೭೫೯ರಲ್ಲಿ, ಎಂದರೆ ಕ್ರಿ. ಶ. ೮೩೭ರಲ್ಲಿ, ಅದನ್ನು ಮುಗಿಸಿದನು. ಆ ಜಿನಸೇನನೇ ಮಹಾಪುರಾಣವನ್ನು ನಲವತ್ತೆರಡು ಪರ್ವಗಳವರೆಗೆ ನಡೆಯಿಸಿ ನಿಲ್ಲಿಸಬೇಕಾಗಿ ಬಂದಾಗ, ಉಳಿದುದನ್ನು ಅವನ ಶಿಷ್ಯ ಗುಣಭದ್ರನು ರಚಿಸಿದನು. ಕನ್ನಡದಲ್ಲಿ ಕುಮಾರವ್ಯಾಸನು ಹತ್ತು ಪರ್ವಗಳಲ್ಲಿ ಹಾಡಿದ ಭಾರತಕ್ಕೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಉಳಿದ ಎಂಟು ಪರ್ವಗಳನ್ನು ಕೂಡಿಸಿದನು.

ಇವೆಲ್ಲವೂ ಒಬ್ಬನ ತರುವಾಯ ಮತ್ತೊಬ್ಬನು ಲೇಖನಿಯನ್ನು ಹಿಡಿದ ನಿದರ್ಶನಗಳು. ಇವನ್ನು ಉತ್ತರಕರ್ತೃತ್ವವೆಂದು ಕರೆಯಬಹುದು. ಇಲ್ಲಿ ಎರಡನೆಯವನು ಮೊದಲಿನವನ ಆಶಯವನ್ನು ಊಹಿಸಬಲ್ಲನೇ ಹೊರತು ಕೇಳಿ ತಿಳಿಯಲಾರನು. ಮೊದಲಿನವನಿಗೆ ಎರಡನೆಯವನನ್ನು ತಿದ್ದುವ ಅವಕಾಶವಿಲ್ಲ. ಇಬ್ಬರೂ ಏಕಕಾಲದಲ್ಲಿದ್ದು, ಒಬ್ಬರ ಮಾತಿಗೆ ಇನ್ನೊಬ್ಬರು ಎದುರಾಡಿ, ಪೂರೈಸಿ, ತಿದ್ದಿ, ಆ ವಿನಿಮಯದಿಂದಲೇ ಕೃತಿಯು ಹುಟ್ಟಿದಲ್ಲಿ ಅದು ನಿಜವಾದ ಸಹಕರ್ತೃತ್ವ. ಅಂತಹ ಕೃತಿಯಲ್ಲಿ ಯಾರ ಮಾತು ಯಾರದೆಂಬುದನ್ನು ನಿರ್ಣಯಿಸುವುದು ಹೇಗೆ, ನಿರ್ಣಯಿಸುವುದು ಅವಶ್ಯವೇ, ಎಂಬೆರಡು ಪ್ರಶ್ನೆಗಳು ಒಡನೆಯೇ ಏಳುತ್ತವೆ. ಈ ಪ್ರಶ್ನೆಗಳಿಗೆ ಕರ್ಣಾಟಕದಲ್ಲಿ ಒಂದೇ ಊರಿನ ಸುತ್ತಮುತ್ತ, ಹೆಚ್ಚು ಕಡಮೆ ಒಂದೇ ಶತಮಾನದಲ್ಲಿ, ಹಲವು ಬಗೆಯ ಉತ್ತರಗಳು ದೊರೆತಿವೆ. ಆ ಊರು ಕಲ್ಯಾಣ.

೨

ಬೀದರ ಜಿಲ್ಲೆಯ ಬಸವಕಲ್ಯಾಣವು ಚಾಳುಕ್ಯ ಒಂದನೆಯ ಸೋಮೇಶ್ವರನ ಕಾಲದಿಂದ ರಾಜಧಾನಿಯಾಗಿ ಪ್ರಸಿದ್ಧಿಗೆ ಬಂದಿತು. ಅವನ ಮಗ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರವರೆಗೆ ಐವತ್ತು ವರ್ಷಗಳ ಕಾಲ ಆಳಿದನು. ಕಾಶ್ಮೀರದ ಬಿಲ್ಹಣನು ಇವನ ಆಸ್ಥಾನಕ್ಕೆ ಬಂದು ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತವನ್ನು ಬರೆದನು. ನೆರೆಯ ಹುಮನಾಬಾದ ಸೀಮೆಯೂ ಆ ವೈಭವದಲ್ಲಿ ಪಾಲುಗೊಂಡಿತ್ತೆಂಬುದಕ್ಕೆ ಅಲ್ಲಿಯ ಜಲಸಂಗಿಯ ದೇವಾಲಯವೇ ಸಾಕ್ಷಿ.

ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿರುವ ಸ್ತ್ರೀವಿಗ್ರಹಗಳಲ್ಲಿ ಒಂದು ವಿದ್ವಾಂಸರ ಲಕ್ಷ್ಯವನ್ನು ವಿಶೇಷವಾಗಿ ಸೆಳೆದಿದೆ. ಆಕೆ ಕನ್ನಡಿಯನ್ನು ನೋಡುತ್ತಿಲ್ಲ, ಗಿಳಿಯನ್ನು ಆಡಿಸುತ್ತಿಲ್ಲ. ಫಲಕವೊಂದರ ಮೇಲೆ ಅಕ್ಷರಗಳನ್ನು ಬರೆಯುತ್ತಿದ್ದಾಳೆ. ಬರೆದುದು ಚಾಳುಕ್ಯ ವಿಕ್ರಮಾದಿತ್ಯನು ಸಪ್ತದ್ವೀಪಯುಕ್ತವಾದ ಭೂಮಿಯನ್ನು ಸ್ವೀಕರಿಸುವನೆಂಬ ಅರ್ಥದ ಸಂಸ್ಕೃತ ಶ್ಲೋಕ. ಆ ಶ್ಲೋಕದ ಕರ್ತೃ ಯಾರು? ನೋಟಕ್ಕೆ ಆಕೆಯೇ. ವಸ್ತುತಃ ಶ್ಲೋಕವನ್ನು ಕಟ್ಟಿದ ಪಂಡಿತ, ವಿಗ್ರಹವನ್ನು ಕಡೆದ ಶಿಲ್ಪಿ, ಅಕ್ಷರಗಳನ್ನು ಕಂಡರಿಸಿದ ಕುಶಲಿ ಎಂದು ಮೂರು ಕೆಲಸಗಳು ಅಲ್ಲಿ ಕೂಡಿವೆ. ಮೂವರಲ್ಲಿ ಒಬ್ಬರ ಹೆಸರನ್ನೂ ಆ ಶ್ಲೋಕವು ಹೇಳುವುದಿಲ್ಲ. ಕೃತಿಯೊಳಗೆ ಹೆಸರು ಪಡೆದವನು ಅರಸನು. ರೂಪ ಪಡೆದವಳು ಬರೆಯುವ ಸ್ತ್ರೀ.

ಶಾಸನರಚನೆಯು ಸ್ವಭಾವತಃ ಹಲವರ ಕೆಲಸವೆಂಬುದನ್ನು ಶಾಸನಾಭ್ಯಾಸಿಗಳು ಬಲ್ಲರು. ಪದ್ಯವನ್ನು ಹೇಳಿದವನು ಒಬ್ಬನು, ಕಲ್ಲಿನ ಮೇಲೆ ಬರೆದವನು ಮತ್ತೊಬ್ಬನು, ಕಂಡರಿಸಿದ ರೂವಾರಿಯು ಇನ್ನೊಬ್ಬನು. ಕೆಲವು ಶಾಸನಗಳ ಕೊನೆಯಲ್ಲಿ ಈ ಮೂವರನ್ನೂ ಬೇರೆಬೇರೆಯಾಗಿ ಹೆಸರಿಸಿರುವುದುಂಟು. ಐದನೆಯ ಶತಮಾನದ ತಾಳಗುಂದದ ಸ್ತಂಭದಲ್ಲಿ ಕುಬ್ಜಕವಿಯು ತನ್ನ ಕಾವ್ಯವನ್ನು ತಾನೇ ಶಿಲೆಯ ಮೇಲೆ ಬರೆದೆನೆಂದು ವಿಶೇಷವಾಗಿ ಹೇಳಿಕೊಂಡಿದ್ದಾನೆ. ಆ ಎರಡು ಕೆಲಸಗಳು ಸಾಮಾನ್ಯವಾಗಿ ಬೇರೆಬೇರೆ ಜನರವಾಗಿದ್ದುದರಿಂದಲೇ ಅವನಿಗೆ ಹಾಗೆ ಹೇಳಬೇಕೆನಿಸಿರಬೇಕು. ಜಲಸಂಗಿಯಲ್ಲಿ ಇದರ ವಿಪರ್ಯಯವಿದೆ: ಹಲವರ ಕೆಲಸವು ಒಬ್ಬಳ ಕೈಯಿಂದ ನಡೆದಂತೆ ತೋರಿಸಲ್ಪಟ್ಟಿದೆ. ಕೂಡಿ ಮಾಡಿದ ಕೆಲಸದಲ್ಲಿ ಮಾಡಿದವರು ಮರೆಯಾಗುವುದು ಎಷ್ಟು ಸುಲಭವೆಂಬುದಕ್ಕೆ ಇದು ಶಿಲಾರೂಪದ ಉದಾಹರಣೆ.

೩

ಶಿಲೆಯಲ್ಲಿ ಕಂಡ ಈ ಕ್ರಮವು ಗ್ರಂಥದಲ್ಲಿಯೂ ಕಾಣುತ್ತದೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಭೂಲೋಕಮಲ್ಲನೆಂದೂ ಸರ್ವಜ್ಞಚಕ್ರವರ್ತಿಯೆಂದೂ ಬಿರುದಾಂತನು. ಅಭಿಲಷಿತಾರ್ಥಚಿಂತಾಮಣಿ ಎಂಬ ಮತ್ತೊಂದು ಹೆಸರುಳ್ಳ ಮಾನಸೋಲ್ಲಾಸವು ಇವನ ಕೃತಿಯೆಂದು ಪ್ರಸಿದ್ಧವಾಗಿದೆ. ರಾಜ್ಯಪ್ರಾಪ್ತಿ, ರಾಜ್ಯಸ್ಥೈರ್ಯ, ಉಪಭೋಗ, ವಿನೋದ, ಕ್ರೀಡೆ ಎಂಬ ಐದು ವಿಷಯಗಳಿಗೆ ಇಪ್ಪತ್ತಿಪ್ಪತ್ತು ಅಧ್ಯಾಯಗಳಂತೆ ಅದರಲ್ಲಿ ನೂರು ಅಧ್ಯಾಯಗಳಿವೆ. ಗ್ರಂಥದೊಳಗೇ ಬರುವ ಗಣಿತದಲ್ಲಿ ಶಕ ೧೦೫೧, ಎಂದರೆ ಕ್ರಿ. ಶ. ೧೧೨೯, ಉಕ್ತವಾಗಿದೆ. ಆನೆಗಳನ್ನು ಹಿಡಿಯುವ ವಿಧಾನ, ರತ್ನಪರೀಕ್ಷೆ, ಪಾಕಶಾಸ್ತ್ರ, ಚಿತ್ರಕರ್ಮ, ಸಂಗೀತ, ಜ್ಯೋತಿಷ, ಮಲ್ಲಯುದ್ಧ ಮೊದಲಾದ ಅನೇಕ ವಿದ್ಯೆಗಳ ವಿವರಗಳನ್ನು ಆಯಾ ವಿದ್ಯೆಯಲ್ಲಿ ಕೈಪಳಗಿದವರ ಸಹಾಯವಿಲ್ಲದೆ, ರಾಜ್ಯಭಾರದ ನಡುವೆ, ಒಬ್ಬನೇ ಸಂಗ್ರಹಿಸಿದನೆಂದು ನಂಬುವುದು ಕಷ್ಟ. ಅಡಿಗೆಯವನ ಅನುಭವವೂ ಮಾವುತನ ಅನುಭವವೂ ಆ ಶ್ಲೋಕಗಳಲ್ಲಿ ಇಳಿದಿರಬೇಕೆಂದು ಊಹಿಸುವುದು ಯುಕ್ತವಾಗಿದೆ. ಆದರೆ ಗ್ರಂಥದಲ್ಲಿ ಅವರ ಪಾಲು ಯಾವುದೆಂದು ಗುರುತಿಸಲು ಯಾವ ಚಿಹ್ನೆಯೂ ಇಲ್ಲ. ಎಲ್ಲವೂ ರಾಜನ ಹೆಸರಿನಲ್ಲಿ ಲೀನವಾಗಿದೆ.

ಇದೇ ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಕಲ್ಯಾಣದಂತಹ ನಗರವಿಲ್ಲ, ವಿಕ್ರಮಾರ್ಕನಂತಹ ರಾಜನಿಲ್ಲ, ವಿಜ್ಞಾನೇಶ್ವರನಂತಹ ಪಂಡಿತನಿಲ್ಲ ಎಂಬ ಅಭಿಪ್ರಾಯದ ಶ್ಲೋಕವು ಗ್ರಂಥಾಂತ್ಯದಲ್ಲಿ ಬರುವುದನ್ನು ಎಲ್ಲರೂ ಬಲ್ಲರು. ಗ್ರಂಥಾರಂಭದ ಒಂದು ಮಾತು ಮಾತ್ರ ಅಷ್ಟಾಗಿ ಲಕ್ಷ್ಯಕ್ಕೆ ಬಂದಿಲ್ಲ. ಈ ಧರ್ಮಶಾಸ್ತ್ರವು ಯಾಜ್ಞವಲ್ಕ್ಯಮುನಿಯು ಪ್ರಣಯನ ಮಾಡಿದುದಾದರೂ, ಅವನ ಶಿಷ್ಯನೊಬ್ಬನು ಅದನ್ನು ಸಂಕ್ಷೇಪಿಸಿ ಪ್ರಶ್ನೋತ್ತರರೂಪವಾಗಿ ಹೇಳಿದನೆಂದೂ, ಮನುವಿನ ಶಾಸ್ತ್ರವನ್ನು ಭೃಗುವು ಹೇಳಿದಂತೆಯೇ ಇದು ಎಂದೂ ವಿಜ್ಞಾನೇಶ್ವರನು ಅಲ್ಲಿ ಹೇಳುತ್ತಾನೆ. ಸ್ಮೃತಿಯಲ್ಲಿ ಋಷಿಗಳು ಯಾಜ್ಞವಲ್ಕ್ಯನನ್ನು ಪ್ರಶ್ನಿಸಿದರೆಂದು ಪ್ರಥಮಪುರುಷದಲ್ಲಿ ಇರುವುದರಿಂದ ಈ ಸಮಾಧಾನವು ಬೇಕಾಯಿತು. ಪ್ರಮಾಣಗ್ರಂಥವೊಂದರಲ್ಲಿ ಎರಡು ಕೈಗಳಿವೆಯೆಂದು ಒಪ್ಪಿಕೊಳ್ಳುವುದರಿಂದ ಅದರ ಪ್ರಾಮಾಣ್ಯಕ್ಕೆ ಕುಂದಿಲ್ಲವೆಂದು ಅವನು ಭಾವಿಸಿದನು. ಆದರೂ ಆ ಶಿಷ್ಯನು 'ಒಬ್ಬಾನೊಬ್ಬ'ನಾಗಿಯೇ ಉಳಿದನು.

ಅದೇ ವಿಜ್ಞಾನೇಶ್ವರನ ದಾಯಭಾಗ ಪ್ರಕರಣದಲ್ಲಿ ಈ ವಿಚಾರಕ್ಕೆ ಉಪಯುಕ್ತವಾದ ಪರಿಭಾಷೆಯೊಂದು ದೊರೆಯುತ್ತದೆ. ಆ ಪ್ರಕರಣವನ್ನು ೧೮೧೦ರಲ್ಲಿ ಕೋಲ್‌ಬ್ರೂಕನು ಇಂಗ್ಲಿಷಿಗೆ ತಂದ ಮೇಲೆ ಭಾರತದ ಬಹುಭಾಗದ ನ್ಯಾಯಾಲಯಗಳಲ್ಲಿ ಅದು ಪ್ರಮಾಣವಾಯಿತು. ಪಿತೃಪಿತಾಮಹರ ದ್ರವ್ಯದಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಸ್ವತ್ವವಿದೆಯೆಂಬುದು ಅವನ ಸಿದ್ಧಾಂತ. ದ್ರವ್ಯಸಮುದಾಯದ ಮೇಲೆ ಅನೇಕರಿಗಿರುವ ಸ್ವಾಮ್ಯಗಳನ್ನು ಅದರ ಒಂದೊಂದು ಭಾಗದಲ್ಲಿ ನೆಲೆಗೊಳಿಸುವುದೇ ವಿಭಾಗವೆಂದು ಅವನು ಲಕ್ಷಣವನ್ನು ಹೇಳುತ್ತಾನೆ. ಎಂದರೆ ಅವಿಭಕ್ತ ಸ್ಥಿತಿಯಲ್ಲಿ ಪ್ರತಿಯೊಬ್ಬನ ಸ್ವಾಮ್ಯವೂ ಸಮಸ್ತವನ್ನು ವ್ಯಾಪಿಸಿರುತ್ತದೆ. ಇದು ನನ್ನದು, ಅದು ನಿನ್ನದು ಎಂಬ ಗೆರೆಯು ವಿಭಾಗವಾದ ಮೇಲೆಯೇ ಕಾಣುತ್ತದೆ. ಹೊಲಮನೆಗಳಿಗಾಗಿ ಹುಟ್ಟಿದ ಈ ವಿವೇಚನೆಯನ್ನು ಗ್ರಂಥಗಳಿಗೆ ಅನ್ವಯಿಸಿದರೆ, ಮಾನಸೋಲ್ಲಾಸವು ಯಜಮಾನನ ಹೆಸರೊಂದರಲ್ಲಿಯೇ ಇರುವ ಅವಿಭಕ್ತ ದ್ರವ್ಯದಂತಿದೆ. ಅಲ್ಲಿ ಪಾಲುದಾರರಿದ್ದರೆಂಬುದು ಊಹ್ಯ. ಪಾಲು ಮಾತ್ರ ಅಜ್ಞಾತ. ಇದಕ್ಕೆ ಭಿನ್ನವಾದ ವ್ಯವಸ್ಥೆಯೊಂದು ಸಾಧ್ಯವೇ? ಕೃತಿಯು ಒಡೆಯದೆ, ಕರ್ತೃಗಳು ಅಳಿಯದೆ ಇರಬಲ್ಲರೇ? ಈ ಪ್ರಶ್ನೆಗೆ ಉತ್ತರವು ಆಸ್ಥಾನದಿಂದ ಬರಲಿಲ್ಲ; ಆಸ್ಥಾನದ ಹೊರಗೆ ಕಾಯಕದಿಂದ ಬದುಕುತ್ತಿದ್ದವರಿಂದ ಬಂದಿತು.

೪

ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಚಾಳುಕ್ಯರ ಅಧಿಕಾರವು ಕಳಚುರಿ ಬಿಜ್ಜಳನ ಕೈಗೆ ಜಾರಿತು. ಆ ಕಾಲದಲ್ಲಿ ಬಸವಣ್ಣನ ಸುತ್ತ ಕಲ್ಯಾಣಕ್ಕೆ ಬಂದು ನೆಲಸಿದ ಶರಣರಲ್ಲಿ ದಂಪತಿಗಳಾಗಿದ್ದು ಇಬ್ಬರೂ ವಚನಕಾರರಾದವರು ಕೆಲವರುಂಟು. ಇವರಲ್ಲಿ ಇಬ್ಬರು ದಂಪತಿಗಳು ಪ್ರಸ್ತುತ ವಿಚಾರಕ್ಕೆ ಮುಖ್ಯರು.

ಮೊದಲನೆಯವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಇವರು ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಯಿಸುವ ಕಾಯಕವನ್ನು ಕೈಕೊಂಡವರು. ಮಾರಯ್ಯನ ವಚನಗಳ ಅಂಕಿತ 'ಅಮರೇಶ್ವರಲಿಂಗ'. ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಎರಡನೆಯ ದಂಪತಿಗಳು ಮೋಳಿಗೆ ಮಾರಯ್ಯ ಮತ್ತು ಮಹಾದೇವಿ. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆಯನ್ನು ಮಾರಿ ಜೀವಿಸಿದರೆಂದು ಇವರ ವಿಷಯವಾಗಿ ಪುರಾಣಗಳು ಹೇಳುತ್ತವೆ. ಹುಮನಾಬಾದ ತಾಲ್ಲೂಕಿನ ಮೋಳಕೇರಾ ಗ್ರಾಮವನ್ನು ಜನಶ್ರುತಿಯು ಈ ಮಾರಯ್ಯನೊಡನೆ ಸೇರಿಸುತ್ತದೆ. ಅವನ ಅಂಕಿತ 'ನಿಃಕಳಂಕಮಲ್ಲಿಕಾರ್ಜುನ'. ಮಹಾದೇವಿಯ ಅಂಕಿತ 'ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕಮಲ್ಲಿಕಾರ್ಜುನ'.

ಈ ಅಂಕಿತಗಳನ್ನು ಪತಿಭಕ್ತಿಯ ದ್ಯೋತಕವೆಂದು ಹೇಳಿ ಮುಗಿಸುವುದು ವಾಡಿಕೆ. ಅಷ್ಟರಿಂದ ತೃಪ್ತಿಪಡುವಂತಿಲ್ಲ. ಲಕ್ಕಮ್ಮನು ಗಂಡನ ಅಂಕಿತವನ್ನೇ ಬಳಸಬಹುದಾಗಿತ್ತು. ಹಾಗೆ ಬಳಸಿದ್ದರೆ ಆಕೆಯ ವಚನಗಳು ಮಾರಯ್ಯನವುಗಳಲ್ಲಿ ಬೆರೆತು ಹೋಗುತ್ತಿದ್ದುವು. ಬೇರೆ ಅಂಕಿತವನ್ನೇ ಆರಿಸಿಕೊಳ್ಳಬಹುದಾಗಿತ್ತು; ಆಗ ಇಬ್ಬರ ವಚನಗಳ ಸಂಬಂಧವೇ ತಿಳಿಯುತ್ತಿರಲಿಲ್ಲ. ಆಕೆ ಎರಡನ್ನೂ ಬಿಟ್ಟು, ಗಂಡನ ಅಂಕಿತವನ್ನು ಉಳಿಸಿಕೊಂಡು ಅದಕ್ಕೆ ಒಂದು ವಿಶೇಷಣವನ್ನು ಕೂಡಿಸಿದಳು. ಮಹಾದೇವಿಯ 'ಇಮ್ಮಡಿ' ಎಂಬ ಶಬ್ದವು ಇನ್ನೂ ಸ್ಪಷ್ಟ. ಎರಡನೆಯದು, ಎರಡುಪಟ್ಟು ಎಂಬ ಎರಡು ಅರ್ಥಗಳೂ ಅದರಲ್ಲಿ ತೋರುತ್ತವೆ. ಒಂದೇ ದೈವಕ್ಕೆ ಸಂದ ಎರಡು ವಾಣಿಗಳು ಇವು, ಎರಡನೆಯದು ಮೊದಲನೆಯದರ ಪ್ರತಿಧ್ವನಿಯಲ್ಲ ಎಂಬುದನ್ನು ಆ ಶಬ್ದವು ತಿಳಿಸುತ್ತದೆ.

ವಚನಗಳ ವಿಷಯವೂ ಇದನ್ನೇ ಸಮರ್ಥಿಸುತ್ತದೆ. ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಾದ ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮೆಚ್ಚಲಿಲ್ಲ. ಆಸೆಯು ಅರಸರಿಗೆ ಸಲ್ಲತಕ್ಕದ್ದು, ಭಕ್ತರಿಗಲ್ಲವೆಂದು ಹೇಳಿ, ಅದನ್ನು ಇದ್ದಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಮೋಳಿಗೆ ಮಾರಯ್ಯನು ಲಿಂಗೈಕ್ಯವನ್ನು ಬಯಸಿ ಕೈಲಾಸದ ಮಾತನ್ನಾಡಿದಾಗ, ಇಲ್ಲಿ ಇಲ್ಲದುದು ಅಲ್ಲಿ ಇದೆಯೆಂದು ಎಣಿಸುವುದೇ ಭ್ರಮೆಯೆಂದು ಮಹಾದೇವಿಯು ಅವನನ್ನು ತಿದ್ದಿದಳು. ಎರಡು ಪ್ರಸಂಗಗಳಲ್ಲಿಯೂ ಗಂಡನು ಪೂರ್ವಪಕ್ಷ, ಹೆಂಡತಿ ಸಿದ್ಧಾಂತ. ಗಂಡನು ತಪ್ಪದಿದ್ದರೆ ಹೆಂಡತಿಯ ವಚನವು ಹುಟ್ಟುತ್ತಿರಲಿಲ್ಲ. ಹೆಂಡತಿಯು ನುಡಿಯದಿದ್ದರೆ ಗಂಡನ ವಚನವು ಅರ್ಧದಲ್ಲಿಯೇ ನಿಲ್ಲುತ್ತಿತ್ತು.

೫

ಹೀಗೆ ಇಬ್ಬರ ಮಾತುಗಳು ಕೂಡಿ ಒಂದು ಕೃತಿಯಾಗುತ್ತವೆಯೇ, ಅಥವಾ ಎರಡು ಕೃತಿಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆಯೇ ಎಂಬುದನ್ನು ಪರೀಕ್ಷಿಸಲು ಮೀಮಾಂಸಾಶಾಸ್ತ್ರದ ಏಕವಾಕ್ಯತಾಲಕ್ಷಣವು ನೆರವಾಗುತ್ತದೆ. ಪ್ರಯೋಜನವು ಒಂದಾಗಿದ್ದು, ಬಿಡಿಸಿದಾಗ ಭಾಗಗಳು ಪರಸ್ಪರ ಆಕಾಂಕ್ಷೆಯುಳ್ಳವಾದರೆ ಆ ಪದಸಮೂಹವು ಒಂದೇ ವಾಕ್ಯವೆಂದು ಜೈಮಿನಿಯ ಮತ. ಆ ನಿಯಮವನ್ನು ಯಜುರ್ಮಂತ್ರಗಳ ಮೇರೆಯನ್ನು ಗೊತ್ತುಪಡಿಸುವುದಕ್ಕಾಗಿ ಹೇಳಿದೆ; ಅದರಲ್ಲಿ ಕರ್ತೃವಿನ ಪ್ರಸ್ತಾಪವೇ ಇಲ್ಲ. ಒಂದು ವಾಕ್ಯಕ್ಕೆ ಒಬ್ಬನೇ ವಕ್ತೃವಿರಬೇಕೆಂಬುದು ಲಕ್ಷಣದ ಅಂಗವಲ್ಲ. ಅಕ್ಕಿಯ ಪ್ರಸಂಗದಲ್ಲಿ ಮಾರಯ್ಯ ಲಕ್ಕಮ್ಮರ ಮಾತುಗಳನ್ನು ಬಿಡಿಸಿ ಓದಿದರೆ ಒಂದೊಂದೂ ಮತ್ತೊಂದನ್ನು ಬೇಡುತ್ತದೆ; ಕಾಯಕಶುದ್ಧಿಯೆಂಬ ಪ್ರಯೋಜನವು ಎರಡಕ್ಕೂ ಒಂದೇ. ಆದ್ದರಿಂದ ವಕ್ತೃಭೇದವಿದ್ದರೂ ಏಕವಾಕ್ಯತೆಯು ಸಿದ್ಧಿಸುತ್ತದೆ.

ಈ ಸಿದ್ಧಿಗೆ ಅಂಕಿತವೇ ಆಧಾರ. ಅಂಕಿತದಲ್ಲಿರುವುದು ವಚನಕಾರನ ಹೆಸರಲ್ಲ, ಅವನ ಇಷ್ಟದೈವದ ಹೆಸರು ಎಂಬುದನ್ನು ಮರೆಯಬಾರದು. ನುಡಿಯು ತನ್ನದಲ್ಲವೆಂದು ದೈವಕ್ಕೆ ಒಪ್ಪಿಸುವ ಸಂಕೇತವೇ ನುಡಿದವರಾರೆಂಬುದನ್ನೂ ಲೋಕಕ್ಕೆ ತಿಳಿಸುತ್ತದೆ. ಸ್ವಾಮ್ಯತ್ಯಾಗವೂ ಕರ್ತೃನಿರ್ದೇಶವೂ ಒಂದೇ ಶಬ್ದದಿಂದ ನಡೆಯುತ್ತವೆ. ವಿಜ್ಞಾನೇಶ್ವರನ ಪರಿಭಾಷೆಯಲ್ಲಿ ಹೇಳುವುದಾದರೆ, ಶರಣರ ಸಂವಾದದಲ್ಲಿ ನುಡಿಯು ವಿಭಕ್ತ, ಅರ್ಥವು ಅವಿಭಕ್ತ. ಒಂದೊಂದು ವಚನದ ಕೊನೆಯಲ್ಲಿಯೂ ಪಾಲಿನ ಗೆರೆಯಿದೆ. ಅಷ್ಟಾದರೂ ಮನೆಯು ಒಡೆದಿಲ್ಲ.

೬

ಈ ವ್ಯವಸ್ಥೆಯು ಬೃಹದ್ಗ್ರಂಥವಾಗಿ ಪರಿಣಮಿಸಿದುದು ಶೂನ್ಯಸಂಪಾದನೆಯಲ್ಲಿ. ಕಲ್ಯಾಣದ ಕ್ಷೋಭೆಯಿಂದ ಚದುರಿದ ಶರಣರ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಆಸುಪಾಸಿನಲ್ಲಿ, ವಿರಕ್ತರು ಕೂಡಿಹಾಕತೊಡಗಿದರು. ಅಲ್ಲಮಪ್ರಭುವನ್ನು ಕೇಂದ್ರದಲ್ಲಿಟ್ಟು, ಬಸವಣ್ಣ, ಚೆನ್ನಬಸವಣ್ಣ, ಸಿದ್ಧರಾಮ, ಅಕ್ಕಮಹಾದೇವಿ, ಮೇಲೆ ಹೇಳಿದ ಇಬ್ಬರು ದಂಪತಿಗಳು ಮೊದಲಾದವರ ವಚನಗಳನ್ನು ಪ್ರಶ್ನೋತ್ತರರೂಪದಲ್ಲಿ ಜೋಡಿಸಿ, ನಡುನಡುವೆ ಗದ್ಯವನ್ನು ಹೆಣೆದು, ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲ ಶೂನ್ಯಸಂಪಾದನೆಯನ್ನು ಸಿದ್ಧಪಡಿಸಿದನು. ಅನಂತರ ಹಲಗೆಯಾರ್ಯನೂ, ಗುಮ್ಮಳಾಪುರದ ಸಿದ್ಧಲಿಂಗಯತಿಯೂ, ಗೂಳೂರು ಸಿದ್ಧವೀರಣಾರ್ಯನೂ ಕ್ರಮವಾಗಿ ಅದನ್ನು ಪರಿಷ್ಕರಿಸಿದರು. ಮೊದಲನೆಯದರಲ್ಲಿ ಸಾವಿರಕ್ಕೆ ತುಸು ಮೇಲ್ಪಟ್ಟಿದ್ದ ವಚನಗಳ ಸಂಖ್ಯೆಯು ಮುಂದಿನವುಗಳಲ್ಲಿ ಒಂದೂವರೆ ಸಾವಿರದ ಹತ್ತಿರಕ್ಕೆ ಬೆಳೆಯಿತು. ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವು ಮೊದಲ ಕೃತಿಯಲ್ಲಿಲ್ಲ, ಮುಂದೆ ಸೇರಿತು. ಎಂದರೆ ಸಂಪಾದಕರೊಳಗೂ ಒಂದು ವಾದವಿತ್ತು. ಆ ವಾದವು ಪರಿಷ್ಕರಣದ ರೂಪದಲ್ಲಿ ನಡೆಯಿತು.

ಹೀಗೆ ಶೂನ್ಯಸಂಪಾದನೆಯಲ್ಲಿ ಸಹಕರ್ತೃತ್ವವು ಮೂರು ನೆಲೆಗಳಲ್ಲಿದೆ. ವಚನಕಾರರು ತಮ್ಮತಮ್ಮೊಳಗೆ ನಡೆಯಿಸಿದ ಸಂವಾದವು ಮೊದಲನೆಯದು. ಸಂಪಾದಕನು ಗತಿಸಿದ ವಚನಕಾರರೊಡನೆ ನಡೆಯಿಸಿದ ಸಂಯೋಜನೆಯು ಎರಡನೆಯದು. ನಾಲ್ವರು ಸಂಪಾದಕರು ಒಬ್ಬರ ತರುವಾಯ ಒಬ್ಬರು ಮಾಡಿದ ಪರಿಷ್ಕರಣವು ಮೂರನೆಯದು. ಇದು ಗುಣಭದ್ರ ತಿಮ್ಮಣ್ಣಕವಿಗಳ ಉತ್ತರಕರ್ತೃತ್ವಕ್ಕೆ ಸಮೀಪವಾದುದು. ಮೂರು ನೆಲೆಗಳೂ ಬೆರೆತಿದ್ದರೂ ವಚನಗಳ ಕರ್ತೃಗಳು ಕಣ್ಮರೆಯಾಗಿಲ್ಲ. ಗುಹೇಶ್ವರನ ಹೆಸರು ಬಂದಲ್ಲಿ ಅಲ್ಲಮನು, ಚೆನ್ನಮಲ್ಲಿಕಾರ್ಜುನನ ಹೆಸರು ಬಂದಲ್ಲಿ ಅಕ್ಕನು, ಕಪಿಲಸಿದ್ಧಮಲ್ಲಿಕಾರ್ಜುನನ ಹೆಸರು ಬಂದಲ್ಲಿ ಸಿದ್ಧರಾಮನು ಎಂದು ವಾಚಕನು ತಡೆಯದೆ ಹೇಳಬಲ್ಲನು. ಮಾನಸೋಲ್ಲಾಸದ ಮಾವುತನಿಗೆ ದೊರೆಯದ ಭಾಗ್ಯವು ಅಕ್ಕಿಯನ್ನು ಆಯುವ ಲಕ್ಕಮ್ಮನಿಗೆ ದೊರೆಯಿತು.

೭

ಇಲ್ಲಿ ಆಕ್ಷೇಪವೊಂದು ಬರಬಹುದು. ಶೂನ್ಯಸಂಪಾದನೆಯ ಸಂವಾದಗಳು ಎರಡೂವರೆ ಶತಮಾನಗಳ ತರುವಾಯ ಸಂಪಾದಕರು ಕಲ್ಪಿಸಿದವು. ಬಿಡಿವಚನಗಳನ್ನು ತಂದು ಪ್ರಶ್ನೆಯೆಂದೂ ಉತ್ತರವೆಂದೂ ಜೋಡಿಸಿದ ಮಾತ್ರಕ್ಕೆ ಅವುಗಳ ಕರ್ತೃಗಳು ಸಹಕರ್ತೃಗಳಾಗುವುದಿಲ್ಲ. ಅನುಭವಮಂಟಪದ ಸ್ವರೂಪದ ವಿಷಯದಲ್ಲಿಯೇ ಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯವಿರುವಾಗ ಅಲ್ಲಿಯ ಸಂವಾದಗಳನ್ನು ಪ್ರಮಾಣವಾಗಿ ಹಿಡಿಯುವುದು ಹೇಗೆ ಎಂದು.

ಈ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಜೋಡಣೆಯು ಸಂಪಾದಕರದೆಂಬುದು ನಿಜ. ಅವರವರ ಸಿದ್ಧಾಂತಕ್ಕೆ ಅನುಗುಣವಾಗಿ ಜೋಡಣೆಯು ಬದಲಾಗಿದೆಯೆಂಬುದನ್ನು ಸಿದ್ಧರಾಮನ ದೀಕ್ಷಾಪ್ರಸಂಗವೇ ತೋರಿಸುತ್ತದೆ. ಆದರೆ ಸಂವಾದದ ಸ್ವಭಾವವು ಜೋಡಣೆಯಿಂದಲೇ ಹುಟ್ಟಿದುದಲ್ಲ. ಅಲ್ಲಮನ ವಚನಗಳಲ್ಲಿ ಸಂಗನಬಸವಣ್ಣನೂ, ಬಸವಣ್ಣನ ವಚನಗಳಲ್ಲಿ ಪ್ರಭುದೇವನೂ ಹೆಸರುಗೊಂಡು ಬರುತ್ತಾರೆ. ಲಕ್ಕಮ್ಮ ಮಹಾದೇವಿಯರ ಅಂಕಿತಗಳಲ್ಲಿಯೇ ಇನ್ನೊಬ್ಬರ ಉಲ್ಲೇಖವಿದೆ. ಎದುರಿಗೆ ಒಬ್ಬರಿದ್ದಾರೆಂಬ ಎಚ್ಚರವು ವಚನದ ಒಡಲಿನಲ್ಲಿಯೇ ಇದ್ದುದರಿಂದಲೇ ಸಂಪಾದಕರಿಗೆ ಜೋಡಿಸುವುದು ಸಾಧ್ಯವಾಯಿತು. ಸಂಪಾದಕರ ಜೋಡಣೆಯನ್ನು ಒಪ್ಪದವರು ಅದನ್ನು ಬಿಚ್ಚಿ, ಅಂಕಿತವನ್ನು ಹಿಡಿದು, ವಚನಗಳನ್ನು ಮತ್ತೆ ಅವರವರಿಗೆ ಒಪ್ಪಿಸಿ ಪರಿಶೀಲಿಸಬಹುದು. ಮಾನಸೋಲ್ಲಾಸವನ್ನು ಹಾಗೆ ಬಿಚ್ಚಲು ಬರುವುದಿಲ್ಲ. ಆಕ್ಷೇಪವನ್ನು ಎತ್ತುವುದಕ್ಕೂ ಅದನ್ನು ಪರೀಕ್ಷಿಸುವುದಕ್ಕೂ ಸಾಧನವನ್ನು ಒದಗಿಸಿರುವುದು ಅಂಕಿತವೇ.

ಈ ಸಾಧನವು ಎಷ್ಟು ಸೂಕ್ಷ್ಮವೆಂಬುದನ್ನೂ ಗಮನಿಸಬೇಕು. ಬಸವಣ್ಣನ ಅಂಕಿತ 'ಕೂಡಲಸಂಗಮದೇವ', ಚೆನ್ನಬಸವಣ್ಣನದು 'ಕೂಡಲಚೆನ್ನಸಂಗಮದೇವ', ಬಸವಣ್ಣನ ಪತ್ನಿ ಗಂಗಾಂಬಿಕೆಯದು 'ಗಂಗಾಪ್ರಿಯ ಕೂಡಲಸಂಗಮದೇವ'. ಓಲೆಯನ್ನು ಪ್ರತಿಮಾಡುವ ಲಿಪಿಕಾರನು ಎರಡಕ್ಷರಗಳನ್ನು ಬಿಟ್ಟರೆ ಸೋದರಳಿಯನ ವಚನವು ಸೋದರಮಾವನದಾಗುತ್ತದೆ. ನಾಲ್ಕಕ್ಷರಗಳನ್ನು ಬಿಟ್ಟರೆ ಹೆಂಡತಿಯದು ಗಂಡನದಾಗುತ್ತದೆ. ಪದ್ಯವಾದರೆ ಛಂದಸ್ಸು ಕಾವಲಿರುತ್ತದೆ, ಅಕ್ಷರಲೋಪವಾದೊಡನೆ ಕಿವಿಗೆ ತಿಳಿಯುತ್ತದೆ. ವಚನಕ್ಕೆ ಆ ಕಾವಲಿಲ್ಲ. ಈ ಲೋಪದಿಂದ ನಷ್ಟವಾಗುವುದು ಸಾಮಾನ್ಯವಾಗಿ ಪ್ರಸಿದ್ಧರಿಗಲ್ಲ. ಅವರಿಗೆ ಲಾಭವೇ ಆಗುತ್ತದೆ. ನಷ್ಟವು ಹೆಂಗಸರಿಗೆ, ಕಿರಿಯರಿಗೆ, ಕಾಯಕಜೀವಿಗಳಿಗೆ. ಲಿಪಿಕಾರನೇ ಬೇಕಾಗಿಲ್ಲ, ಜನರ ನಾಲಗೆಯೂ ಇದನ್ನು ಮಾಡಬಲ್ಲದು. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿ ಹೇಳುವ, ಇಂದು ನಾಡೆಲ್ಲ ನಾಣ್ಣುಡಿಯಾಗಿ ಹಬ್ಬಿರುವ ಮಾತನ್ನು ಬಹುಮಂದಿ ಬಸವಣ್ಣನದೆಂದೇ ಉಚ್ಚರಿಸುತ್ತಾರೆ. ಅದು ಬರುವ ವಚನದ ಅಂಕಿತವು ಅಮರೇಶ್ವರಲಿಂಗ; ಅದು ಆಯ್ದಕ್ಕಿ ಮಾರಯ್ಯನ ಮಾತು.

೮

ಆಧುನಿಕ ಕಾಲದಲ್ಲಿ ವಚನವಾಙ್ಮಯದ ಉದ್ಧಾರವೂ ಹಲವರ ಕೂಡುಕೆಲಸವಾಗಿಯೇ ನಡೆದಿದೆ. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದಂದಿನಿಂದ ಈ ಕಾರ್ಯವು ಬೆಳೆಯುತ್ತ ಬಂದಿತು. ಕರ್ನಾಟಕ ವಿಶ್ವವಿದ್ಯಾಲಯವು ೧೯೬೫ರಿಂದ ೧೯೭೨ರವರೆಗೆ ಐದು ಸಂಪುಟಗಳಲ್ಲಿ ಹೊರತಂದ ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದದಲ್ಲಿ ನಂದೀಮಠ, ಹಿರೇಮಠ, ಭೂಸನೂರಮಠ, ಸುಂಕಾಪುರ, ಮೆನೆಜಿಸ್ ಮುಂತಾದ ವಿದ್ವಾಂಸರು ಕೈಗೂಡಿಸಿದರು. ಅವರ ಹೆಸರುಗಳು ಸಂಪುಟಗಳ ಮೇಲೆ ಇವೆ. ಸಂವಾದವನ್ನು ಅನುವಾದಿಸುವುದಕ್ಕೂ ಸಂವಾದವೇ ಬೇಕಾಯಿತು. ೧೯೯೩ರಲ್ಲಿ ಕರ್ನಾಟಕ ಸರ್ಕಾರದ ಮೂಲಕ ಹದಿನೈದು ಸಂಪುಟಗಳಲ್ಲಿ ಬಂದ ಸಮಗ್ರ ವಚನಸಾಹಿತ್ಯವೂ ಎಂ. ಎಂ. ಕಲಬುರ್ಗಿಯವರ ಪ್ರಧಾನಸಂಪಾದಕತ್ವದಲ್ಲಿ ಅನೇಕರು ಮಾಡಿದ ಕೆಲಸ. ವಚನಗಳನ್ನು ಅಂಕಿತಾನುಸಾರವಾಗಿ ಅವರವರ ಹೆಸರಿನಲ್ಲಿ ಕೂಡಿಸಿದುದರಿಂದ ಶರಣೆಯರ ವಚನಗಳೂ ಅಲ್ಪಪರಿಚಿತ ಶರಣರ ವಚನಗಳೂ ಪ್ರತ್ಯೇಕವಾಗಿ ಕಣ್ಣಿಗೆ ಬಿದ್ದುವು.

ಅಂಕಿತವು ಕೇವಲ ಪಾಠಶೋಧಕರ ಆಸಕ್ತಿಯ ವಿಷಯವಲ್ಲವೆಂಬುದು ಅದೇ ದಶಕದಲ್ಲಿ ವ್ಯಕ್ತವಾಯಿತು. ಮಾತೆ ಮಹಾದೇವಿಯವರು ಸಂಪಾದಿಸಿದ ಬಸವ ವಚನ ದೀಪ್ತಿಯಲ್ಲಿ, ಧಾರ್ಮಿಕ ಕಾರಣಗಳನ್ನು ಮುಂದಿಟ್ಟು, 'ಕೂಡಲಸಂಗಮದೇವ' ಎಂಬುದರ ಸ್ಥಾನದಲ್ಲಿ 'ಲಿಂಗದೇವ' ಎಂಬ ಪಾಠವನ್ನು ಇರಿಸಲಾಗಿತ್ತು. ಇದರಿಂದ ದೊಡ್ಡ ವಿವಾದವೆದ್ದು, ಕರ್ನಾಟಕ ಸರ್ಕಾರವು ೧೯೯೮ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿತು; ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಗ್ರಂಥವನ್ನು ಮುಟ್ಟುಗೋಲು ಹಾಕುವುದು ಉಚಿತವೇ ಅಲ್ಲವೇ ಎಂಬುದು ಬೇರೆಯ ವಿಚಾರ. ಇಲ್ಲಿ ಪ್ರಸ್ತುತವಾದುದು ಇಷ್ಟೇ: ಅಂಕಿತವು ವಚನದ ಕೊನೆಯ ಅಲಂಕಾರವಾಗಿದ್ದರೆ ಅದನ್ನು ಬದಲಾಯಿಸಿದುದರಿಂದ ಇಷ್ಟು ಜನರಿಗೆ ನೋವಾಗುತ್ತಿರಲಿಲ್ಲ. ಬಸವಣ್ಣನ ಅಂಕಿತದ ಸುತ್ತ ಚೆನ್ನಬಸವಣ್ಣನ, ಗಂಗಾಂಬಿಕೆಯ ಅಂಕಿತಗಳು ಕಟ್ಟಿಕೊಂಡಿವೆ. ಮಧ್ಯದ ಕಂಬವನ್ನು ಕದಲಿಸಿದರೆ ಅದನ್ನು ಆತು ನಿಂತ ತೊಲೆಗಳೂ ಕದಲುತ್ತವೆ. ಒಬ್ಬನ ಅಂಕಿತವನ್ನು ತಿದ್ದುವವನು ಅವನ ಜೊತೆಗಾರರ ಗುರುತನ್ನೂ ತಿದ್ದಿದಂತಾಗುತ್ತದೆ.

ಮೇಲಿನ ವಿವೇಚನೆಯಿಂದ ಫಲಿಸುವುದನ್ನು ಸಂಗ್ರಹಿಸಿ ಹೇಳಬಹುದು. ಕಲ್ಯಾಣದ ಸುತ್ತಿನಲ್ಲಿ ಕೂಡಿ ಬರೆಯುವ ನಾಲ್ಕು ರೀತಿಗಳು ಕಾಣುತ್ತವೆ. ಜಲಸಂಗಿಯ ಶಿಲೆಯಲ್ಲಿ ಮಾಡಿದವರೆಲ್ಲರೂ ಒಂದು ರೂಪದ ಹಿಂದೆ ಮರೆಯಾದರು. ಮಾನಸೋಲ್ಲಾಸದಲ್ಲಿ ಬಲ್ಲವರು ಅರಸನ ಹೆಸರಿನಲ್ಲಿ ಲೀನರಾದರು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಎರಡನೆಯ ಕೈ ಇದೆಯೆಂದು ವಿಜ್ಞಾನೇಶ್ವರನು ಒಪ್ಪಿದನು, ಅದಕ್ಕೆ ಹೆಸರಿಡಲು ಅವನಿಂದಾಗಲಿಲ್ಲ. ಶರಣರ ಸಂವಾದದಲ್ಲಿ ಮಾತ್ರ ಕೂಡಿಕೆಯೂ ಗುರುತೂ ಒಟ್ಟಿಗೆ ಉಳಿದುವು; ಮೊದಲ ಮೂರು ರೀತಿಗಳಿಗಿಂತ ಇದು ಶ್ರೇಷ್ಠವಾಗುವುದು ಈ ಕಾರಣದಿಂದಲೇ.

ಆದ್ದರಿಂದ ವಚನಗಳನ್ನು ಸಂಪಾದಿಸುವವರೂ ಪಾಠಶಾಲೆಗಳಲ್ಲಿ ಬೋಧಿಸುವವರೂ ಎರಡು ನಿಯಮಗಳನ್ನು ಪಾಲಿಸುವುದು ಯುಕ್ತ. ಅಂಕಿತವನ್ನು ಪಾಠದ ಅಂಗವೆಂದು ಭಾವಿಸಿ ಅಕ್ಷರಶಃ ಕಾಪಾಡತಕ್ಕದ್ದು ಒಂದು. ಸಂವಾದದಿಂದ ಹುಟ್ಟಿದ ವಚನವನ್ನು ಅದರ ಜೊತೆಯ ವಚನದೊಡನೆ ಓದಿಸತಕ್ಕದ್ದು ಎರಡು. ಲಕ್ಕಮ್ಮನ ವಚನವನ್ನು ಪಠ್ಯದಲ್ಲಿಟ್ಟು ಮಾರಯ್ಯನದನ್ನು ಬಿಟ್ಟರೆ ಆಕೆ ಯಾರಿಗೆ ಉತ್ತರ ಕೊಡುತ್ತಿದ್ದಾಳೆಂಬುದು ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಮಾರಯ್ಯನದನ್ನಿಟ್ಟು ಲಕ್ಕಮ್ಮನದನ್ನು ಬಿಟ್ಟರೆ ಅಕ್ಕಿಯು ಮನೆಯಲ್ಲಿಯೇ ಉಳಿದುಹೋಗುತ್ತದೆ.